ಏಳು ಕಾಲಿನ ಚೇಳು

ನಮ್ಮಜ್ಜಿಯ ಬಲ ಮುಂಗೈ ಮೇಲಿದ್ದ ಚೇಳಿಗೆ ಏಳೇ ಕಾಲು. ಒಂದು ಮಗ್ಗುಲಿಗೆ ನಾಲ್ಕು, ಇನ್ನೊಂದು ಮಗ್ಗುಲಿಗೆ ಮೂರು. ಅವಳು ಮುದ್ದೆ ತಿರುವುವಾಗ ಕೈನರ ಉಬ್ಬಿ ಇಳಿದಂತೆಲ್ಲ ಚೇಳು ಕೊಂಡಿ ಎತ್ತಿ ಇಳಿಸಿದ ಹಾಗೆ ಕಾಣುತ್ತಿತ್ತು. ಎಣಿಸಲು ಕಲಿತ ಹೊಸದರಲ್ಲಿ ನಾನು ಆ ಕಾಲುಗಳನ್ನೇ ಎಣಿಸುತ್ತಿದ್ದೆ; ಎಷ್ಟು ಸಲ ಎಣಿಸಿದರೂ ಒಂದು ಕಮ್ಮಿ. ಎಂಟನೇದು ಎಲ್ಲಿ ಎಂದರೆ ಅಜ್ಜಿ, “ಅದು ಕೊರಮರವಳ ಸೂಜೀಲೇ ಉಳ್ಕತು ಕಣ್ಮಗ” ಎನ್ನುತ್ತಿದ್ದಳು. ಆಗ ಅವಳು ಒಂಬತ್ತೋ ಹತ್ತೋ ವರ್ಷದ ಹುಡುಗಿ. ಅವಳವ್ವ ಎರಡು ಮಂಡಿಯ ನಡುವೆ ಅದುಮಿ ಹಿಡಿದುಕೊಂಡಿದ್ದಳು. ಏಳನೇ ಕಾಲು ಮುಗಿಯುವ ಹೊತ್ತಿಗೆ ಹುಡುಗಿ ಹೇಗೋ ಕೈ ಕಿತ್ತುಕೊಂಡು ಓಡಿದಳು. ಮತ್ತೆ ಸಿಕ್ಕಿದ್ದು ಸಂಜೆಗೆ, ಹಿತ್ತಲ ಹುಣಸೆಮರದ ಹಿಂದೆ. ಅಷ್ಟರಲ್ಲಿ ಕೊರಮರವಳು ತನ್ನ ಪಾಲಿನ ರಾಗಿ ಅಳೆಸಿಕೊಂಡು ಮುಂದಿನ ಊರು ಸೇರಿದ್ದಳು.

ಹೋದ ತಿಂಗಳು ಅಕ್ಕನ ಮಗಳು ಆ ಕೈಯ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ಅಕ್ಕನ ಮದುವೆಯ ಆಲ್ಬಂನಲ್ಲಿ ಅಜ್ಜಿ ಆರತಿ ತಟ್ಟೆ ಹಿಡಿದು ನಿಂತ ಫೋಟೊ ಒಂದಿದೆ. ಅದರ ಕೈಯಷ್ಟನ್ನೇ ದೊಡ್ಡದು ಮಾಡಿ ತೆಗೆದುಕೊಂಡಿದ್ದಳು. ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ಅದೇ ಚೇಳನ್ನು ತನ್ನ ಕೈಗೆ ಹಾಕಿಸಿಕೊಳ್ಳಬೇಕಂತೆ. “ಜೊತೆಗೆ ಬರ್ತೀರಾ ಮಾವ? ಅಮ್ಮ ಬರಲ್ಲ ಅಂತಾರೆ” ಎಂದಳು. ಆಮೇಲೆ, “ಮುತ್ತಜ್ಜಿ ಚೇಳೇ ಯಾಕೆ ಹಾಕಿಸ್ಕೊಂಡ್ರು? ನೆಟ್‌ನಲ್ಲಿ ನೋಡಿದ್ರೆ ವೃಶ್ಚಿಕ ರಾಶಿ ಅಂತ ಬರುತ್ತೆ.” ಅಜ್ಜಿಗೆ ತಾನು ಹುಟ್ಟಿದ ವರ್ಷವೇ ಗೊತ್ತಿರಲಿಲ್ಲ, ರಾಶಿ ಎಲ್ಲಿಂದ ಬರಬೇಕು! ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಹಚ್ಚೆಗೆ ಅರ್ಥ ಇರುವುದು ಚಿತ್ರದಲ್ಲೋ, ಹುಯ್ದವರಲ್ಲೋ, ಹುಯ್ಯಿಸಿಕೊಂಡವರಲ್ಲೋ?

ಮಾತಿನ ಬೇರು ಹಿಡಿದು ಹೊರಟರೆ ಚಿತ್ರವೂ ಸಿಗುವುದಿಲ್ಲ, ಸೂಜಿಯೂ ಸಿಗುವುದಿಲ್ಲ, ಸಿಗುವುದು ಬಣ್ಣ. ಹಳಗನ್ನಡದ ‘ಪಚ್ಚೆ’, ಅಂದರೆ ಹಸಿರು. ಪಾಲು ಹಾಲಾದಂತೆ, ಪೂ ಹೂವಾದಂತೆ, ಪಲ್ಲಿ ಹಲ್ಲಿಯಾದಂತೆ ಪಚ್ಚೆ ಹಚ್ಚೆಯಾಯಿತು. ಉಂಗುರದ ಕಲ್ಲಿಗೆ ಮಾತ್ರ ಹಳೆಯ ಪಕಾರವೇ ಅಂಟಿಕೊಂಡು ಅದು ಇವತ್ತಿಗೂ ಪಚ್ಚೆ. ತಮಿಳರದು ‘ಪಚ್ಚೈ ಕುತ್ತು’, ತೆಲುಗರದು ‘ಪಚ್ಚಬೊಟ್ಟು’, ಅಲ್ಲೂ ಹಸಿರೇ. ನಮ್ಮಲ್ಲೇ ಉತ್ತರ ಕರ್ನಾಟಕದವರು ‘ಹಣಚಿಬೊಟ್ಟು’ ಎನ್ನುತ್ತಾರೆ. ಹಳೇ ಮೈಸೂರಿನ ಕಡೆ ಹಚ್ಚೆ ‘ಹುಯ್ಯುತ್ತಾರೆ’. ಮಳೆ ಹುಯ್ಯುತ್ತದೆ, ಎರಕ ಹುಯ್ಯುತ್ತಾರೆ, ಹಚ್ಚೆಯನ್ನೂ ಹುಯ್ಯುತ್ತಾರೆ. ಚುಚ್ಚುವ ನೋವನ್ನು ಬಿಟ್ಟು ಒಳಗೆ ಇಳಿಯುವ ಬಣ್ಣವನ್ನು ಹಿಡಿದ ಈ ಕ್ರಿಯಾಪದ ನನಗೆ ಬಹಳ ಇಷ್ಟ. ಟ್ಯಾಟೂ ಎಂಬುದು ಬೇರೆ ದಾರಿಯಲ್ಲಿ ಬಂದ ಮಾತು. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಶಾಂತಸಾಗರದ ತಾಹಿತಿ ದ್ವೀಪಕ್ಕೆ ಹೋದಾಗ ಅಲ್ಲಿಯವರ ‘ತತಾವು’ ಎಂಬ ಪದ ಇಂಗ್ಲಿಷಿಗೆ ಹತ್ತಿಕೊಂಡಿತು.

ಹುಯ್ಯುತ್ತಿದ್ದವರು ಹೆಚ್ಚಾಗಿ ಕೊರವ, ಕೊರಮ, ಕೊರಚ ಎಂದು ಊರಿಗೊಂದು ಹೆಸರಿನ ಅಲೆಮಾರಿ ಹೆಂಗಸರು. ಗಂಡಸರು ಬುಟ್ಟಿ, ಮೊರ ಹೆಣೆದರೆ, ಉಪ್ಪು ದವಸ ಸಾಗಿಸಿದರೆ, ಹೆಂಗಸರು ಕಣಿ ಹೇಳುತ್ತ, ಹಚ್ಚೆ ಹುಯ್ಯುತ್ತ ಕೇರಿ ಸುತ್ತುತ್ತಿದ್ದರು. ಮದ್ರಾಸಿನ ಮ್ಯೂಸಿಯಂನಲ್ಲಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಈ ಹೆಂಗಸರ ಸೂಜಿಗೂ ಜಾಗ ಸಿಕ್ಕಿದೆ. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರ ಹೆಂಗಸರೂ ಹಚ್ಚೆಯಲ್ಲಿ ನುರಿತವರೆಂದು ಹೆಸರಾಗಿದ್ದರು. ಗಂಡ ಸತ್ತ ಚರ್ಮಕ್ಕೆ ತೂತು ಕೊರೆದು ರಾಮ ರಾವಣರನ್ನು ತೆಗೆಯುತ್ತಾನೆ, ಹೆಂಡತಿ ಬದುಕಿರುವ ಚರ್ಮಕ್ಕೆ ಚುಚ್ಚಿ ತೊಟ್ಟಿಲು ತುಳಸಿಕಟ್ಟೆ ತೆಗೆಯುತ್ತಾಳೆ. ಇಡೀ ಮನೆಯೇ ತೊಗಲಿನ ಕಸುಬು. ಕಣಿ ಹೇಳುವ ಕೊರವಂಜಿ ಯಕ್ಷಗಾನದ ರಂಗಕ್ಕೆ ಬಂದಳು, 1942ರಲ್ಲಿ ಹಾಸ್ಯಲೇಖಕ ‘ರಾಶಿ’ಯವರು ಹೊರಡಿಸಿದ ಹಾಸ್ಯಪತ್ರಿಕೆಗೆ ಹೆಸರೂ ಆದಳು. ಅದೇ ಕೊರವಂಜಿಯ ಇನ್ನೊಂದು ಕೈಲಿದ್ದ ಸೂಜಿಕಟ್ಟನ್ನು ಪೇಟೆಯ ಬರವಣಿಗೆ ಅಷ್ಟಾಗಿ ಕಣ್ಣೆತ್ತಿ ನೋಡಲಿಲ್ಲ.

ಸಾಮಾನು ಅಂಥ ದೊಡ್ಡದೇನಲ್ಲ. ಹರಳೆಣ್ಣೆ ದೀಪದ ಮೇಲೆ ಮಡಕೆ ಬೋರಲು ಹಾಕಿ ಹಿಡಿದ ಮಸಿ. ಅದನ್ನು ಕಲಸಲು ಸೊಪ್ಪಿನ ರಸ, ಇಲ್ಲವೇ ಹಸಿ ಬಾಣಂತಿಯ ಎದೆಹಾಲು. ದಾರದಲ್ಲಿ ಬಿಗಿದು ಕಟ್ಟಿದ ಮೂರೋ ನಾಲ್ಕೋ ಸೂಜಿ. ಮೊದಲು ಕಡ್ಡಿಯಲ್ಲಿ ಮಸಿ ಅದ್ದಿ ಕೈ ಮೇಲೆ ಚಿತ್ರ ಬರೆದು, ಆಮೇಲೆ ಅದರ ಗುಂಟ ಟಕಟಕ ಚುಚ್ಚುತ್ತ ಹೋಗುವುದು. ರಂಗೋಲಿ ಹಾಕುವವರಂತೆ ಮೊದಲು ಚುಕ್ಕಿ, ಆಮೇಲೆ ಗೆರೆ. ಮುಗಿದ ಮೇಲೆ ಅರಿಸಿನ ಎಣ್ಣೆ ಸವರುವುದು. ಎಂಟು ದಿನ ಊದಿಕೊಂಡು, ಹೊಪ್ಪಳೆ ಎದ್ದು ಉದುರಿದರೆ ಕೆಳಗೆ ಹಸಿರು. ಕೂಲಿ ಅಂದರೆ ರಾಗಿ, ಹಳೇ ಸೀರೆ, ಎಲೆ ಅಡಿಕೆ, ಉಳ್ಳವರ ಮನೆಯಾದರೆ ನಾಲ್ಕು ಕಾಸು. ಚುಚ್ಚುವ ಉದ್ದಕ್ಕೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ನಮ್ಮ ಜನಪದ ಸಂಗ್ರಹಗಳಲ್ಲಿ ಹಚ್ಚೆಯ ಹಾಡುಗಳೇ ಬೇರೆ ಇವೆ. ತವರನ್ನು ಹೊಗಳುತ್ತ, ಹುಡುಗಿಯನ್ನು ಪುಸಲಾಯಿಸುತ್ತ, ಅವಳ ಗಮನವನ್ನು ಕೈಯಿಂದ ಕಿವಿಗೆ ಎಳೆಯುವ ಹಾಡು. ಅರಿವಳಿಕೆ ಇಲ್ಲದ ಕಾಲದಲ್ಲಿ ಅದೇ ಅರಿವಳಿಕೆ. ಅಜ್ಜಿಯ ವಿಷಯದಲ್ಲಿ ಅದು ಏಳು ಕಾಲಿನವರೆಗೆ ಮಾತ್ರ ಕೆಲಸ ಮಾಡಿತ್ತು ಅಂತ ಕಾಣುತ್ತದೆ.

ಮಸಿ ಕಪ್ಪು. ಹಾಗಾದರೆ ಹಸಿರು ಎಲ್ಲಿಂದ ಬಂತು? ಮಸಿ ಕೂರುವುದು ಚರ್ಮದ ಮೇಲಲ್ಲ, ಮೇಲ್ಪದರದ ಕೆಳಗಿನ ಒಳಚರ್ಮದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ. ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪು ಆಳಕ್ಕೆ ಇಳಿದು ಮಸಿಯಲ್ಲಿ ಇಂಗುತ್ತದೆ. ನೀಲಿ ಅಷ್ಟು ಆಳಕ್ಕೆ ಹೋಗುವ ಮೊದಲೇ ಚದುರಿ ಹಿಂದಿರುಗುತ್ತದೆ. ಹೀಗೆ ನೀಲಿಗಟ್ಟಿದ ಕಪ್ಪನ್ನು ನಮ್ಮ ಗೋಧಿ-ಕಂದು ಚರ್ಮದ ಪರದೆ ಹಾಯಿಸಿ ನೋಡಿದಾಗ ಅದು ಹಸಿರಾಗಿ ಕಾಣುತ್ತದೆ. ಅಂದರೆ ಬಣ್ಣದಲ್ಲಿ ಅರ್ಧ ಪಾಲು ಕೊರವಂಜಿಯದು, ಇನ್ನರ್ಧ ಹುಯ್ಯಿಸಿಕೊಂಡವಳ ಮೈಯದು.

ಅದು ಅಳಿಸದೆ ಉಳಿಯುವ ಕಾರಣ ಇನ್ನೂ ವಿಚಿತ್ರ. ಸೂಜಿ ಚುಚ್ಚಿದ ಕೂಡಲೇ ಮೈಯ ಕಾವಲುಗಾರರಾದ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಓಡಿಬಂದು ಮಸಿಯ ಕಣಗಳನ್ನು ನುಂಗುತ್ತವೆ. ರೋಗಾಣುವಾದರೆ ಅರಗಿಸುತ್ತಿದ್ದವು, ಮಸಿ ಅರಗುವುದಿಲ್ಲ. ನುಂಗಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಅಲ್ಲೇ ಕೂರುತ್ತವೆ. ಆ ಕೋಶ ಸಾಯುತ್ತದಲ್ಲ, ಆಗ? ಫ್ರಾನ್ಸಿನ ಮಾರ್ಸೇಲ್‌ನ ವಿಜ್ಞಾನಿಗಳು ಹಚ್ಚೆ ಹಾಕಿದ ಇಲಿಗಳ ಬಾಲದ ಮೇಲೆ ಪ್ರಯೋಗ ಮಾಡಿ 2018ರಲ್ಲಿ ತೋರಿಸಿದ್ದು ಇದನ್ನೇ: ಸತ್ತ ಕೋಶದ ಕೈಬಿಟ್ಟ ಮಸಿಯನ್ನು ಹೊಸದಾಗಿ ಬಂದ ಕೋಶ ನುಂಗಿಕೊಳ್ಳುತ್ತದೆ. ಅದು ಸತ್ತರೆ ಇನ್ನೊಂದು. ಅಜ್ಜಿಯ ಚೇಳು ಅರವತ್ತು ಎಪ್ಪತ್ತು ವರ್ಷ ನಿಂತ ಜಾಗದಲ್ಲೇ ನಿಂತಂತೆ ಕಂಡದ್ದು ಹೀಗೆ ಕೈಯಿಂದ ಕೈಗೆ ದಾಟುತ್ತ. ದಾಟುವಾಗ ಚೂರುಪಾರು ಅತ್ತಿತ್ತ ಸರಿಯುವುದೂ ಉಂಟು. ಹಳೇ ಹಚ್ಚೆಯ ಗೆರೆ ಮಳೆಗೆ ಸಿಕ್ಕ ಶಾಯಿಯಂತೆ ಹರಡಿಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಇನ್ನು ಅರ್ಥ. ಕೇಳಿದರೆ ಅಜ್ಜಿಯ ಬಳಿ ಉತ್ತರ ಒಂದಲ್ಲ. ಚೇಳು ಹುಯ್ಯಿಸಿಕೊಂಡವರಿಗೆ ಚೇಳು ಕಡಿಯುವುದಿಲ್ಲ. ಹಚ್ಚೆ ಇಲ್ಲದೆ ಸತ್ತರೆ ಯಮಲೋಕದಲ್ಲಿ ಕಾದ ಸಲಾಕೆಯಲ್ಲಿ ಬರೆ ಹಾಕುತ್ತಾರೆ. ಹಚ್ಚೆ ಇದ್ದ ಕೈಯ ಅಡುಗೆ ಹದ. ಇವುಗಳಲ್ಲಿ ಮೊದಲನೇದಂತೂ ಸುಳ್ಳಾಗಿತ್ತು. ಅಜ್ಜಿಗೆ ಎರಡು ಸಲ ಚೇಳು ಕಡಿದಿತ್ತು, ಒಂದು ಸಲ ಸೌದೆ ಎತ್ತುವಾಗ, ಇನ್ನೊಂದು ಸಲ ಬೆರಣಿ ತಟ್ಟೆಯ ಕೆಳಗೆ. ಹಾಗಾದರೆ ಹಚ್ಚೆ ಏನು ಮಾಡಿತು ಎಂದು ತಾತ ರೇಗಿಸಿದರೆ, “ಒಂದು ಕಾಲು ಕಮ್ಮಿ ಇತ್ತಲ್ಲ, ಅದುಕ್ಕೆ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮಂಡಿ ನೋವು, ಕೀಲು ನೋವಿಗೂ ಹಚ್ಚೆ ಚುಕ್ಕಿ ಇಡಿಸುವ ರೂಢಿ ಇತ್ತು. ನಗುವವರು ಆಲ್ಪ್ಸ್ ಪರ್ವತದ ಆ ಮನುಷ್ಯನನ್ನು ನೆನೆಯಬೇಕು. 1991ರಲ್ಲಿ ಆಸ್ಟ್ರಿಯಾ-ಇಟಲಿ ಗಡಿಯ ಹಿಮದಲ್ಲಿ ಸಿಕ್ಕ, 5,000 ವರ್ಷಕ್ಕೂ ಹಿಂದಿನ ಆ ದೇಹಕ್ಕೆ ಓಟ್ಸಿ ಎಂದು ಹೆಸರಿಟ್ಟಿದ್ದಾರೆ. ಅವನ ಮೈಮೇಲೆ 61 ಹಚ್ಚೆ ಗುರುತುಗಳಿವೆ. ಹೂವಲ್ಲ, ಮೃಗವಲ್ಲ, ಬರೀ ಇದ್ದಿಲಮಸಿಯ ಗೀಟುಗಳು. ಬಹುಪಾಲು ಇರುವುದು ಸೊಂಟದ ಕೆಳಬೆನ್ನು, ಮಂಡಿ, ಹರಡುಗಳ ಹತ್ತಿರ, ಅಂದರೆ ಮೂಳೆ ಸವೆದ ಜಾಗಗಳ ಸುತ್ತಮುತ್ತ. ಚಿಕಿತ್ಸೆಗೆಂದೇ ಹಾಕಿದ್ದಿರಬೇಕು ಎಂಬುದು ಹಲವು ಸಂಶೋಧಕರ ಊಹೆ.

ಆದರೆ ಅಜ್ಜಿ ಪದೇಪದೇ ಹೇಳುತ್ತಿದ್ದ ಮಾತು ಬೇರೆ: ಒಡವೆ ಕಳ್ಳ ಕದಿಯುತ್ತಾನೆ, ಗಂಡ ಅಡವಿಡುತ್ತಾನೆ, ಹಚ್ಚೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಇದು ಬರೀ ನಂಬಿಕೆಯಲ್ಲ, ಆಸ್ತಿಯ ಲೆಕ್ಕ. ಹೊಲ ಗಂಡಸರ ಹೆಸರಿನಲ್ಲಿ, ಮನೆ ಗಂಡಸರ ಹೆಸರಿನಲ್ಲಿ, ಕೊರಳ ಗುಂಡು ಬರಗಾಲ ಬಂದರೆ ಸಾಹುಕಾರನ ಪೆಟ್ಟಿಗೆಯಲ್ಲಿ. ಪಹಣಿ ಬೇಕಿಲ್ಲದ ಸ್ವತ್ತು ಅವಳಿಗೆ ಇದ್ದದ್ದು ಮೈಮೇಲಿನ ಆ ನಾಲ್ಕು ಚಿತ್ರ. ಅವಳ ಹಣೆಯಲ್ಲೂ ಒಂದು ಹಚ್ಚೆ ಬೊಟ್ಟಿತ್ತು, ಹೆಸರುಕಾಳಿನಷ್ಟು. ತಾತ ಹೋದಾಗ ಊರ ಹೆಂಗಸರು ಸೇರಿ ಕುಂಕುಮ ಅಳಿಸಿದರು, ಬಳೆ ಒಡೆದರು, ಹೂವು ಕಿತ್ತರು. ಕುಂಕುಮ ಒರೆಸಿದ ಕಡೆ ಆ ಹಸಿರು ಬೊಟ್ಟು ಇನ್ನಷ್ಟು ಎದ್ದು ಕಂಡಿತು. ನಾನು ಆಗ ಐದನೇ ಕ್ಲಾಸು. ಒಬ್ಬಾಕೆ ಒದ್ದೆ ಸೆರಗಿನಲ್ಲಿ ಅದನ್ನೂ ಉಜ್ಜಿ ನೋಡಿ, ಆಮೇಲೆ ತಿಳಿದು, ಕೈ ಹಿಂದಕ್ಕೆ ತೆಗೆದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಸತ್ತ ದಿನ ಓಲೆ, ಮೂಗುತಿ ಎಲ್ಲ ಬಿಚ್ಚಿಕೊಂಡು ಎಣಿಸಿದರು. ಚೇಳು ಮತ್ತು ಬೊಟ್ಟು ಲೆಕ್ಕಕ್ಕೆ ಬರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಹಚ್ಚೆಯೇ ಹೆಣ್ಣಿನ ಸ್ವಾತಂತ್ರ್ಯ ಎಂದಂತಾಗುತ್ತದೆ. ಹಾಗೇನಿಲ್ಲ. ಅಜ್ಜಿಯನ್ನು ಮಂಡಿಯ ನಡುವೆ ಅದುಮಿ ಹಿಡಿದಿದ್ದರು. ಚೇಳು ಬೇಕೋ ನವಿಲು ಬೇಕೋ ಎಂದು ಕೇಳಿದವರಿಲ್ಲ. ಬೇಕೋ ಬೇಡವೋ ಎಂದಂತೂ ಇಲ್ಲವೇ ಇಲ್ಲ. ಚಿತ್ರ ಆರಿಸಿದ್ದು ಅವ್ವ, ಬರೆದದ್ದು ಕೊರಮರವಳು. ಇಡೀ ಹಚ್ಚೆಯಲ್ಲಿ ಅಜ್ಜಿ ತಾನಾಗಿ ಮಾಡಿದ್ದು ಒಂದೇ, ಆ ಇಲ್ಲದ ಕಾಲು. ಎದುರು ಮನೆಯ ದೊಡ್ಡಮ್ಮನ ಕೈಮೇಲೆ ಗಂಡನ ಹೆಸರೇ ಇತ್ತು, ದಪ್ಪ ಕನ್ನಡ ಅಕ್ಷರದಲ್ಲಿ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಅಕ್ಷರ ಓದಲು ಬಾರದು. ಮತಪಟ್ಟಿಯವರು ಬಂದು ಯಜಮಾನರ ಹೆಸರೇನಮ್ಮ ಎಂದರೆ ಸುಮ್ಮನೆ ಕೈ ಚಾಚುತ್ತಿದ್ದಳು. ಅವರು ಓದಿ ಬರೆದುಕೊಳ್ಳುತ್ತಿದ್ದರು. ತನ್ನ ಮೈಮೇಲಿನ ಬರಹವನ್ನು ತಾನೊಬ್ಬಳು ಬಿಟ್ಟು ಊರೆಲ್ಲ ಓದುತ್ತಿತ್ತು.

ಸರ್ಕಾರ ಬರೆದ ಹಚ್ಚೆ

ಒಬ್ಬರ ಮೈಮೇಲೆ ಇನ್ನೊಬ್ಬರು ಬರೆಯುವುದರ ತುತ್ತತುದಿ ನೋಡಬೇಕಾದರೆ ಈಸ್ಟ್ ಇಂಡಿಯಾ ಕಂಪನಿಯ ಕಡತಕ್ಕೆ ಹೋಗಬೇಕು. ಹಿಂದಿಯಲ್ಲಿ ಹಚ್ಚೆಗೆ ‘ಗೋದನಾ’ ಎನ್ನುತ್ತಾರೆ. ಆ ಮನೆಮಾತಿನ ಪದವನ್ನೇ ಕಂಪನಿ ಶಿಕ್ಷೆಯ ಹೆಸರಾಗಿ ಎತ್ತಿಕೊಂಡಿತು. ಹದಿನೆಂಟನೇ ಶತಮಾನದ ಕೊನೆಯಿಂದ ಬಂಗಾಳ ಮತ್ತು ಮದ್ರಾಸ್ ಪ್ರಾಂತ್ಯಗಳಲ್ಲಿ ಜೀವಾವಧಿ ಶಿಕ್ಷೆಯಾದ ಕೈದಿಗಳ ಹಣೆಯ ಮೇಲೆ ಅಪರಾಧ, ಶಿಕ್ಷೆಯ ತಾರೀಖು ಇತ್ಯಾದಿಯನ್ನು ಹಚ್ಚೆಯಲ್ಲಿ ಬರೆಯುತ್ತಿದ್ದರು. ಓಡಿಹೋದರೂ ಸಿಗಲಿ, ಬಿಡುಗಡೆಯಾದರೂ ಗೊತ್ತಾಗಲಿ ಎಂದು. ನಮ್ಮ ಬಳ್ಳಾರಿ, ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು ಎಂಬುದನ್ನು ಮರೆಯಬಾರದು. ಈ ಕಡತಗಳನ್ನು ಬಿಡಿಸಿ ಓದಿದ ಇತಿಹಾಸಕಾರ್ತಿ ಕ್ಲೇರ್ ಆ್ಯಂಡರ್ಸನ್ ಬರೆದಿರುವಂತೆ, ಕೈದಿಗಳೂ ಸುಮ್ಮನೆ ಕೂರಲಿಲ್ಲ. ಕೂದಲು ಹಣೆಗೆ ಇಳಿಬಿಟ್ಟರು, ರುಮಾಲನ್ನು ಹುಬ್ಬಿನವರೆಗೆ ಎಳೆದು ಸುತ್ತಿದರು. 1849ರಲ್ಲಿ ಈ ಶಿಕ್ಷೆ ರದ್ದಾಯಿತು. ಆದರೆ ಮೈಯನ್ನೇ ಕಡತ ಮಾಡುವ ಆಸೆ ರದ್ದಾಗಲಿಲ್ಲ; 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚಿನ ದಫ್ತರ ತೆರೆಯಿತು. ಚುಚ್ಚಿ ಬರೆಯುವ ಬದಲು, ಹುಟ್ಟುವಾಗಲೇ ಬರೆದುಕೊಂಡು ಬಂದದ್ದನ್ನು ಓದಿದರೆ ಆಯಿತಲ್ಲ.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ತಿರುವು. 1871ರ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರದಲ್ಲಿ ಜಾರಿಗೆ ಬಂದು, ಆಮೇಲೆ ದಕ್ಷಿಣಕ್ಕೂ ಇಳಿಯಿತು. ಹುಟ್ಟಿನಿಂದಲೇ ಕಳ್ಳರು ಎಂದು ಬರೆಸಿಕೊಂಡವರ ಪಟ್ಟಿಯಲ್ಲಿ ಕೊರವ, ಕೊರಚರೂ ಸೇರಿದರು. ಉಪ್ಪು ಸಾಗಿಸುತ್ತಿದ್ದವರ ದಾರಿಯನ್ನು ರೈಲು ಕಿತ್ತುಕೊಂಡಿತ್ತು. ಈಗ ಅಲೆಯುವುದೇ ಅಪರಾಧವಾಯಿತು. ಪೊಲೀಸರಿಗೆ ಹಾಜರಿ, ಊರು ಬಿಡಲು ಚೀಟಿ, ತಂತಿಬೇಲಿಯ ವಸತಿ. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ ಜಾಗಕ್ಕೆ ‘ಸೆಟ್ಲಮೆಂಟ್’ ಎಂಬ ಹೆಸರು ಇವತ್ತಿಗೂ ಉಳಿದಿದೆ; ಆಟೊದವರಿಗೆ ಹಾಗೆಂದರೆ ಸಾಕು, ಕರೆದುಕೊಂಡು ಹೋಗುತ್ತಾರೆ. ಸ್ವಾತಂತ್ರ್ಯ ಬಂದ ಐದು ವರ್ಷದ ಮೇಲೆ, 1952ರ ಆಗಸ್ಟ್ 31ಕ್ಕೆ ಕಾಯ್ದೆ ಹೋಯಿತು. ಊರ ಹೆಣ್ಣುಮಕ್ಕಳ ಮೈಮೇಲೆ ಅಳಿಸದ ತೊಟ್ಟಿಲು, ತಾವರೆ ಬರೆದು ಹೋದ ಹೆಂಗಸಿನ ಹಣೆಯ ಮೇಲೆ ಸರ್ಕಾರ ಬರೆದ ‘ಕಳ್ಳಿ’ ಎಂಬ ಪದ ಮಾತ್ರ ಕಾಯ್ದೆ ಹೋದಷ್ಟು ಸಲೀಸಾಗಿ ಹೋಗಲಿಲ್ಲ. ಕಳ್ಳತನವಾದರೆ ಮೊದಲು ಅವರ ಗುಡಿಸಲಿಗೆ ನುಗ್ಗುವ ರೂಢಿಯನ್ನು ನಾವೇ ಕಂಡಿದ್ದೇವೆ.

ಯುರೋಪಿನಲ್ಲಿ ಇದೇ ಯೋಚನೆ ಹೋಗಿ ಮುಟ್ಟಿದ್ದು ನಾಜಿಗಳ ಆಶ್‌ವಿಟ್ಜ್ ಶಿಬಿರಕ್ಕೆ. 1941ರಿಂದ ಅಲ್ಲಿ ಕೈದಿಗಳ ಮೈಮೇಲೆ ಸಂಖ್ಯೆ ಚುಚ್ಚತೊಡಗಿದರು. ಬದುಕಿ ಬಂದವರಲ್ಲಿ ಕೆಲವರು ಎಡಗೈಯ ಆ ಸಂಖ್ಯೆಯನ್ನು ತೆಗೆಸಿದರು, ಕೆಲವರು ಬೇಕೆಂದೇ ಉಳಿಸಿಕೊಂಡರು. ಇಸ್ರೇಲಿನಲ್ಲಿ ಅವರ ಮೊಮ್ಮಕ್ಕಳು ಕೆಲವರು ಅಜ್ಜನ ಸಂಖ್ಯೆಯನ್ನು ತಮ್ಮ ಕೈಗೆ ತಾವಾಗಿ ಹಾಕಿಸಿಕೊಂಡದ್ದೂ ಇದೆ. ಅಂಕಿ ಅದೇ, ಬರೆಸಿಕೊಂಡ ಕೈ ಬೇರೆ.

ಬರೆಸಿಕೊಳ್ಳುವವರೇ ಮುಂದಾದರೆ ಹಚ್ಚೆ ಎಂಥ ಜಗಳ ಹೂಡಬಲ್ಲದು ಎಂಬುದಕ್ಕೆ ಛತ್ತೀಸಗಡದ ರಾಮನಾಮಿಗಳನ್ನು ನೋಡಬೇಕು. ದೇವಸ್ಥಾನದ ಒಳಗೆ ಬಿಟ್ಟುಕೊಳ್ಳದ ಜಾತಿಯವರು ಹತ್ತೊಂಬತ್ತನೇ ಶತಮಾನದ ಕೊನೆಗೆ ರಾಮನ ಹೆಸರನ್ನೇ ಮೈಮೇಲೆ ಬರೆಸಿಕೊಳ್ಳತೊಡಗಿದರು. ಕೆಲವರಿಗೆ ಹಣೆಯ ಮೇಲೆ, ಕೆಲವರಿಗೆ ರೆಪ್ಪೆಯನ್ನೂ ಬಿಡದೆ ಅಂಗಾಲಿನವರೆಗೆ. ಇನ್ನು ಯಾರು ಯಾರನ್ನು ಹೊರಗಿಡುವುದು? ನಮ್ಮ ಶರಣರು ಹನ್ನೆರಡನೇ ಶತಮಾನದಲ್ಲಿ ಮಾತಿನಲ್ಲಿ ಕಟ್ಟಿದ್ದನ್ನು ಇವರು ಸೂಜಿಯಲ್ಲಿ ಕಟ್ಟಿದರು. ಉಡುಪಿಯ ಮಠಗಳಲ್ಲಿ ಆಷಾಢದ ಮೊದಲ ಏಕಾದಶಿಯಂದು ಹಾಕಿಸಿಕೊಳ್ಳುವ ತಪ್ತಮುದ್ರೆಯನ್ನೂ ಈ ಸಾಲಿನಲ್ಲಿ ಕೆಲವರು ಸೇರಿಸುತ್ತಾರೆ. ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರದ ಮುದ್ರೆ ತೋಳಿಗೆ ಚುರ್ ಎಂದು ಒತ್ತಿಸಿಕೊಳ್ಳಲು ಉದ್ದ ಸಾಲು ನಿಂತಿರುತ್ತದೆ. ಆದರೆ ಅದು ಕೆಲವು ದಿನದಲ್ಲಿ ಮಾಸುತ್ತದೆ, ಬರುವ ವರ್ಷ ಮತ್ತೆ ಹೋಗಬೇಕು. ಹಚ್ಚೆ ಒಂದೇ ಸಲ.

ವಾಚಿನ ಕೆಳಗೆ

ಅಮ್ಮನ ತಲೆಮಾರಿಗೆ ಬಂದಾಗ ಹಚ್ಚೆ 'ಹಳ್ಳಿಗುಗ್ಗು' ಎಂಬುದರ ಗುರುತಾಗಿತ್ತು. ಅಮ್ಮ ಪ್ರೈಮರಿ ಸ್ಕೂಲ್ ಟೀಚರು. ಮಣಿಕಟ್ಟಿನ ಮೇಲೆ ಅವರಿಗೆ ಐದು ಚುಕ್ಕಿಯ ಪುಟ್ಟ ಹೂವಿತ್ತು. ಎಚ್‌ಎಂಟಿ ವಾಚಿನ ಪಟ್ಟಿಯನ್ನು ಸರಿಯಾಗಿ ಅದರ ಮೇಲೇ ಕಟ್ಟುತ್ತಿದ್ದರು. ವಾಚು ನಿಂತುಹೋದ ದಿನವೂ ಕಟ್ಟಿಕೊಂಡೇ ಶಾಲೆಗೆ ಹೋದದ್ದುಂಟು. ಅವರ ವಾರಿಗೆಯವರಲ್ಲಿ ಗೇರುಬೀಜದ ಎಣ್ಣೆ ಹಚ್ಚಿ ಹಚ್ಚೆ ಸುಟ್ಟುಕೊಂಡು, ಹೂವಿನ ಜಾಗದಲ್ಲಿ ಗಾಯದ ಕಲೆ ಉಳಿಸಿಕೊಂಡವರೂ ಇದ್ದರು. ಮುಂದೆ ಎಚ್‌ಐವಿ, ಹೆಪಟೈಟಿಸ್ ಹೆಸರುಗಳು ಹಳ್ಳಿಯವರೆಗೆ ಬಂದವು. ಒಂದೇ ಸೂಜಿಯಲ್ಲಿ ಕೇರಿಯನ್ನೆಲ್ಲ ಚುಚ್ಚುವುದಕ್ಕೆ ಜನ ಹೆದರಿದರು, ಹೆದರಬೇಕಾದ್ದೇ. ಜಾತ್ರೆಗಳಲ್ಲಿ ಬ್ಯಾಟರಿ ಮಿಷನ್ ಇಟ್ಟುಕೊಂಡು, ಹನುಮಂತ, ಹೃದಯ, ‘ಅಮ್ಮ’ ಎಂಬ ಮಾದರಿಗಳ ಹಲಗೆ ನಿಲ್ಲಿಸಿ ಕೂರುವವರು ಮಾತ್ರ ಉಳಿದರು. ಆ ಮಿಷನ್ನಿನ ಮೂಲಪುರುಷ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ. ಎಡಿಸನ್‌ನ ವಿದ್ಯುತ್ ಲೇಖನಿಯ ಜಾಡು ಹಿಡಿದು 1891ರಲ್ಲಿ ಪೇಟೆಂಟ್ ಪಡೆದ. ಪೇಪರಿನ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳಲ್ಲಿ ಎತ್ತರ, ಮೈಬಣ್ಣ, ತೊಟ್ಟ ಬಟ್ಟೆಯ ಆಮೇಲೆ ‘ಬಲಗೈ ಮೇಲೆ ಅಮ್ಮ ಎಂಬ ಹಚ್ಚೆ ಗುರುತು ಇರುತ್ತದೆ’ ಎಂದು ಬರುತ್ತದಲ್ಲ, ಅದು ಬಹಳ ಸಲ ಈ ಜಾತ್ರೆಯ ಅಮ್ಮನೇ.

ನಾಚಿಕೆ ಹುಟ್ಟಿದ್ದು, ಅದೇ ಮರಳಿ ಹೆಮ್ಮೆಯಾದದ್ದು ನಮ್ಮಲ್ಲಿ ಮಾತ್ರ ಅಲ್ಲ. ನ್ಯೂಜಿಲೆಂಡಿನ ಮಾವೋರಿ ಹೆಂಗಸರು ಗದ್ದದ ಮೇಲೆ ಹಾಕಿಸಿಕೊಳ್ಳುವ ಮೋಕೊ ಅಳಿದೇಹೋಯಿತು ಅನ್ನುವಷ್ಟರಲ್ಲಿ ಮೊಮ್ಮಕ್ಕಳು ಅದನ್ನು ಮತ್ತೆ ಎತ್ತಿಕೊಂಡರು. 2020ರಲ್ಲಿ ಆ ದೇಶದ ವಿದೇಶಾಂಗ ಸಚಿವೆಯಾದ ನನಾಯಾ ಮಹುತಾ ಅವರ ಗದ್ದದ ಮೇಲೂ ಅದಿತ್ತು. ಅವರಲ್ಲಿ ಮೋಕೊ ಎಂದರೆ ವಂಶಾವಳಿ. ಬೇರೆಯವರು ಚಂದ ಕಂಡಿತೆಂದು ಹಾಕಿಸಿಕೊಂಡರೆ ಅವರಿಗೆ ಕೋಪ ಬರುತ್ತದೆ. ಬೆಂಗಳೂರಿನ ಸ್ಟುಡಿಯೊಗಳಲ್ಲಿ ‘ಟ್ರೈಬಲ್’ ಎಂದು ತೋಳಿಗೆ ಹಾಕುವ ಬಳುಕುವ ಕಪ್ಪು ಪಟ್ಟೆಗಳು ಬಹುಪಾಲು ಆ ಶಾಂತಸಾಗರದ ದ್ವೀಪಗಳ ನಕಲೇ. ಮಂಡ್ಯದ ಹುಡುಗನ ತೋಳಿನ ಮೇಲೆ ಪಾಲಿನೇಷ್ಯದ ಅಲೆ ಇದೆ, ಅವನ ಅಜ್ಜಿಯ ಕೈಮೇಲಿದ್ದ ‘ಸೀತೆ ಸೆರಗು’ ಎಂಬ ಹಚ್ಚೆ ಯಾವ ಕೆಟಲಾಗಿನಲ್ಲೂ ಇಲ್ಲ. ದೂರುವುದಕ್ಕೆ ನಾನ್ಯಾರು? ಸೀತೆ ಸೆರಗು ಹೇಗಿರುತ್ತದೆ ಬರೆದು ತೋರಿಸು ಎಂದರೆ ನನಗೂ ಬಾರದು. ಅಭಿಮಾನದ ಹಚ್ಚೆಯಲ್ಲಿ ಮಾತ್ರ ನಾವು ಯಾರಿಂದಲೂ ಸಾಲ ತರಬೇಕಾಗಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅಪ್ಪುವಿನ ನಗುಮುಖವನ್ನು ಎದೆಗೆ, ತೋಳಿಗೆ ಹಾಕಿಸಿಕೊಂಡವರು ಊರೂರಿನಲ್ಲೂ ಸಿಗುತ್ತಾರೆ. ಅಂಬೇಡ್ಕರರ ಸಹಿ, ಸಂಗೊಳ್ಳಿ ರಾಯಣ್ಣನ ಮುಖ, ಹೋದ ಅಪ್ಪನ ಕೈಬರಹ. ಮೊದಲು ಮನೆಯ ಗೋಡೆಗೆ ಹಾರ ಹಾಕಿ ತೂಗುಬಿಡುತ್ತಿದ್ದದ್ದು ಈಗ ಮೈಗೆ ಬಂದಿದೆ.

ಹಾಕಿಸಿಕೊಳ್ಳುವ ಮುನ್ನ ತಿಳಿದಿರಬೇಕಾದ ನಾಲ್ಕು ಮಾತು ಮಾವನಾಗಿ ನಾನೂ ಹೇಳಿದೆ. ವರ್ಷ ಕಾಲ ರಕ್ತ ಕೊಡುವಂತಿಲ್ಲ. ಸೇನೆಗೆ ಸೇರುವ ಯೋಚನೆ ಇದ್ದರೆ ಮುಂದೋಳಿನ ಒಳಮೈ, ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಬೇಡ. ಬುಡಕಟ್ಟಿನ ರೂಢಿಯ ಹಚ್ಚೆಗಷ್ಟೇ ರಿಯಾಯಿತಿ. ಲೇಸರ್‌ನಲ್ಲಿ ತೆಗೆಸಬಹುದು ನಿಜ, ಹಾಕಿಸುವುದಕ್ಕಿಂತ ಅದು ದುಬಾರಿ, ಹಲವು ಸಲ ಹೋಗಬೇಕು, ಕಪ್ಪು ಬೇಗ ಹೋಗುತ್ತದೆ, ಬಣ್ಣಗಳು ಹಟ ಮಾಡುತ್ತವೆ. ಬಣ್ಣದ ಶಾಯಿಗಳಲ್ಲಿ ಲೋಹದ ಅಂಶ ಕಂಡುಬಂದಿದೆ, ಅದಕ್ಕೊಂದು ಮಾನದಂಡ ಬೇಕು ಎಂದು ನಮ್ಮ ರಾಜ್ಯದ ಆರೋಗ್ಯ ಸಚಿವರೇ 2025ರಲ್ಲಿ ಹೇಳಿದ್ದಾರೆ. “ನಂಗೆ ಬರೀ ಕಪ್ಪು ಮಾವ, ಒಂದೇ ಒಂದು ಚೇಳು” ಎಂದಳು.

ಸ್ಟುಡಿಯೊ ಎಂದರೆ ಹಲ್ಲಿನ ಡಾಕ್ಟರ ಕೋಣೆಯಂತೆ ಇತ್ತು; ವಾಲಿಸುವ ಕುರ್ಚಿ, ಬಿಳಿ ದೀಪ, ಸ್ಪಿರಿಟ್ ವಾಸನೆ. ಹುಡುಗ ಬಾಗಲಕೋಟೆ ಕಡೆಯವನು. ಫೋಟೊ ದೊಡ್ಡದು ಮಾಡಿ ನೋಡಿ, “ನಮ್ಮ ಆಯಿಗೂ ಹಿಂಗ ಹಣಚಿಬೊಟ್ಟ ಇದ್ವು ನೋಡ್ರಿ” ಎಂದ. ಗೆರೆ ಹರಡಿಕೊಂಡಿರುವ ಹಾಗೇ ಬೇಕೆಂದು ಇವಳು, ಹಾಗೆ ಹಾಕಿದರೆ ಹತ್ತು ವರ್ಷಕ್ಕೆ ಬರೀ ಮಸಿ ಮುದ್ದೆ ಆಗುತ್ತದೆ ಎಂದು ಅವನು. ಕೊನೆಗೆ ತೆಳು ಗೆರೆಗೆ ಒಪ್ಪಿದರು. “ಹರಡೂದು ಅದರ ಪಾಡಿಗೆ ಅದು ಹರಡತೈತ್ರಿ, ನೀವು ವಯಸ್ಸಾಗ್ರಿ ಸಾಕು.” ಹದಿನೆಂಟು ತುಂಬಿದೆ, ನನ್ನ ಒಪ್ಪಿಗೆಯಿಂದಲೇ ಹಾಕಿಸಿಕೊಳ್ಳುತ್ತಿದ್ದೇನೆ ಎಂಬ ಹಾಳೆಗೆ ಸಹಿ ಹಾಕಿದಳು. ಅವನು ಕೈಗವಸು ತೊಟ್ಟು, ನಮ್ಮೆದುರೇ ಹೊಸ ಸೂಜಿಯ ಪ್ಯಾಕೆಟ್ ಹರಿದ. ಮುಂಗೈಯ ನವಿರು ಬೋಳಿಸಿ, ಸ್ಟೆನ್ಸಿಲ್ ಕಾಗದ ಒತ್ತಿ ಹಿಡಿದು ಮೆಲ್ಲಗೆ ಎಬ್ಬಿಸಿದ. ನೇರಳೆ ಬಣ್ಣದ ಚೇಳು ಕೊಂಡಿ ಎತ್ತಿ ಕೂತಿತ್ತು.

ನಾನು ಅಭ್ಯಾಸ ಬಲದಿಂದ ಎಣಿಸಿದೆ. ಎಂಟು.

“ಅದರಾಗ ಒಂದ ಕಾಲ ಬಿಟ್ಟಿತ್ರಿ, ನಾನ ತುಂಬಿಸೇನಿ” ಎಂದ ಹುಡುಗ, ಉಪಕಾರ ಮಾಡಿದ ಮುಖದಲ್ಲಿ. ಅಕ್ಕನ ಮಗಳು ನನ್ನತ್ತ ನೋಡಿ ನಕ್ಕಳು. ಆಮೇಲೆ ಅವನಿಗೆ ಕೊರಮರವಳ ಕತೆ ಹೇಳಿದಳು, ಮಂಡಿ, ಹುಣಸೆಮರ, ಅಳೆಸಿಕೊಂಡ ರಾಗಿ ಎಲ್ಲ ಸೇರಿಸಿ. ಅವನು ಮಿಷನ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. ಹತ್ತಿಯನ್ನು ಬೆರಳಿಗೆ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಬಲಮಗ್ಗುಲಿನ ಕೊನೆಯ ಕಾಲನ್ನು ಒರೆಸಿದ.